ಬಿಸಿಲಲಿ ಹೊಡಿರಿ ಮದ್ದನ್ನ

ಜೂನ್ 17, 2024

ಅಂಗಡಿಯ ಶಟರ್ ಎತ್ತುವ ಮೊದಲೇ ನಾಗರಾಜ್ ಬಂದು ನಿಂತಿದ್ದರು. ಹೊಸಬೆಳಸು ರೈತ ಸಂಘದ ಕಾರ್ಯದರ್ಶಿ. ಎಲ್ಲಿಗೆ ಹೋದರೂ ಮೊದಲು ಅವರ ಮೊಬೈಲು ಹೋಗುತ್ತದೆ, ಹಿಂದೆ ಅವರು ಬರುತ್ತಾರೆ.

"ಶಿವಕುಮಾರಪ್ಪಾರೆ, ಒಂದು ಹಾಡು ಬೇಕಾಗೈತೆ."

"ಮದುವೆಗೋ, ಮಠದ ಕಾರ್ಯಕ್ರಮಕ್ಕೋ?"

"ಹುಳಕ್ಕೆ."

ಇಪ್ಪತ್ತು ವರ್ಷದಿಂದ ತಾಳ್ಯದ ಬಸ್ ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆಗೆ, ಗೃಹಪ್ರವೇಶಕ್ಕೆ, ಹೆಡ್ ಮಾಸ್ತರರ ಬೀಳ್ಕೊಡುಗೆಗೆ ಪದ್ಯ ಬರೆದುಕೊಟ್ಟಿದ್ದೇನೆ. ಹುಳಕ್ಕೆ ಬರೆದಿರಲಿಲ್ಲ. ಮೆಕ್ಕೆಜೋಳಕ್ಕೆ ಸೈನಿಕ ಹುಳ ಬೀಳುತ್ತಿದೆಯಂತೆ. ಸಂಘದವರು ಆಟೋಗೆ ಮೈಕು ಕಟ್ಟಿ ಊರೂರು ಜಾಗೃತಿ ಮೂಡಿಸುತ್ತಾರಂತೆ. ಕೃಷಿ ಅಧಿಕಾರಿ ಮಾನಸ ಮೇಡಂ ಎರಡು ಪುಟದ ಕರಪತ್ರ ಬರೆದುಕೊಟ್ಟು ಟ್ರೇನಿಂಗಿಗೆ ಹೋಗಿದ್ದಾರೆ. ಅದನ್ನು ನಾನು ಹಾಡು ಮಾಡಬೇಕು.

ಕರಪತ್ರ ಓದಿದೆ. ಇದು ಮೂಲತಃ ಅಮೆರಿಕದ ಪತಂಗ, ನಮ್ಮ ಕಡೆ ಕಾಣಿಸಿಕೊಂಡು ಆರು ವರ್ಷ. ಹೆಣ್ಣು ಪತಂಗ ಎಲೆಯ ಮೇಲೆ ಮೊಟ್ಟೆ ಇಟ್ಟು, ತನ್ನ ಮೈಯ ರೋಮದಿಂದಲೇ ಹೊದಿಸುತ್ತದೆ. ಮರಿಹುಳ ಜೋಳದ ಸುಳಿಗೆ ಇಳಿದು ಮೇಯುತ್ತದೆ. ಸಂಜೆ ಐದರ ನಂತರ ಸುಳಿಯೊಳಗೆ ಬೀಳುವಂತೆ ಔಷಧಿ ಸಿಂಪಡಿಸಬೇಕು. ಎರಡು ಪುಟದಲ್ಲಿ ಒಂದೇ ಒಂದು ಪ್ರಾಸವಿಲ್ಲ. ಬಿ.ಎ.ಗೆ ಐಚ್ಛಿಕ ಕನ್ನಡ ಓದಿದವನಿಗೆ ಇದು ಉಪ್ಪಿಲ್ಲದ ಅಂಬಲಿ.

ಹಾಳೆ ತುಂಬ ಹುಳದ ಮಾತು,
ನಾಳೆ ಬರೆವೆ ನೆಟ್ಟಗೆ ಕೂತು.

ಜೂನ್ 18

ಕೂತೆ, ಆಯಿತು. ಬೆಳಿಗ್ಗೆ ಹನ್ನೊಂದಕ್ಕೆ ಶುರು, ಊಟದ ಹೊತ್ತಿಗೆ ಮುಕ್ತಾಯ.

ಸುಳಿಯೊಳು ಕೂತು ಮೇಯುವ ಹುಳ,
ಉಳಿಸದು ನೋಡಿ ಒಂದೂ ಜೋಳ,
ಕಳೆಯದೆ ಹೊತ್ತು ಬನ್ನಿರಿ ಅಣ್ಣ,
ಹೊಳೆಯುವ ಬಿಸಿಲಲಿ ಹೊಡಿರಿ ಮದ್ದನ್ನ!

ನಾಲ್ಕು ಸಾಲಿಗೂ ಎರಡನೆಯ ಅಕ್ಷರ ಳಕಾರ. ಆದಿಪ್ರಾಸ ಎಂದರೆ ಇದು. 'ಅಣ್ಣ'ಕ್ಕೂ 'ಮದ್ದನ್ನ'ಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದೆ, ಆಟೋದ ಮೈಕಿನಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ.

ಕರಪತ್ರದಲ್ಲಿ ಸಂಜೆ ಎಂದಿದೆ, ನಿಜ. ಮೂರು ಸಾಲು ಳಕಾರದಲ್ಲಿ ಸಾಲುಗಟ್ಟಿ ನಡೆದು ಬಂದ ಮೇಲೆ ನಾಲ್ಕನೆಯದಕ್ಕೆ 'ಸಂಜೆ' ತಂದು ನಿಲ್ಲಿಸಿದರೆ ಮೆರವಣಿಗೆಗೆ ಎಮ್ಮೆ ನುಗ್ಗಿದ ಹಾಗಾಗುತ್ತದೆ. ಮದ್ದು ಹೊಡೆಯುವುದು ಮುಖ್ಯ, ಗಡಿಯಾರವಲ್ಲ.

ಅನುಸೂಯ ತಟ್ಟೆ ಇಡುತ್ತಾ ಕೇಳಿಸಿಕೊಂಡಳು. ನನ್ನ ಹೆಂಡತಿ ಅಂಗನವಾಡಿ ಟೀಚರು, ಪ್ರಶ್ನೆ ಕೇಳುವುದು ವೃತ್ತಿಯಿಂದ ಬಂದ ದೋಷ.

"ಬಿಸಿಲಾಗೆ ಯಾಕ್ರಿ ಹೊಡಿಬೇಕು?"

"ಪ್ರಾಸ ಕಣೆ."

"ಹುಳಕ್ಕೆ ಪ್ರಾಸ ತಿಳೀತೈತಾ?"

"ಜನಕ್ಕೆ ತಿಳಿಯುತ್ತದೆ."

ನಾಗರಾಜ್ ಫೋನಿನಲ್ಲೇ ಕೇಳಿ, "ಸೂಪರ್, ಸೂಪರ್" ಎಂದರು. ಎರಡನೇ ಸಾಲಿಗೇ ಸೂಪರ್ ಎಂದಿದ್ದರಿಂದ ನಾಲ್ಕನೆಯದು ಅವರ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ.

ಜೂನ್ 22

ಆಟೋ ಹೊರಟಿತು. ನಾಗರಾಜ್ ಬಾಳೆಹಣ್ಣು ಮುರಿದು ಪೂಜೆ ಮಾಡಿಸಿದರು. ಪತಂಗ ಹಿಡಿಯುವ ಹತ್ತು ಮೋಹಕ ಬಲೆಗಳೂ ಬಂದಿವೆ. ಹೆಣ್ಣಿನ ವಾಸನೆ ತೋರಿಸಿ ಗಂಡು ಪತಂಗವನ್ನು ಕರೆದು ಕೂಡಿಹಾಕುವ ಹಳದಿ ಡಬ್ಬಿಗಳು. ಅವನ್ನು ಹೊಲದಲ್ಲಿ ಕಟ್ಟಬೇಕಂತೆ. ಹೊಲದಲ್ಲಿ ಕಟ್ಟಿದರೆ ಫೋಟೋ ಹಿಂದೆ ಊರಿನ ಬೋರ್ಡು ಬರುವುದಿಲ್ಲವೆಂದು ಬಸ್ ಸ್ಟ್ಯಾಂಡಿನ ಬೇವಿನ ಮರಕ್ಕೆ ಹತ್ತನ್ನೂ ಕಟ್ಟಿಸಿದ್ದಾರೆ. ಹೊಳಲ್ಕೆರೆ ಬಸ್ಸು ಹತ್ತುವ ಪತಂಗಗಳಿಗೆ ಅನುಕೂಲ.

ಸಂಜೆಯ ಹೊತ್ತಿಗೆ ಅಂಗನವಾಡಿ ಮಕ್ಕಳೂ ಹಾಡುತ್ತಿದ್ದವು. "ನಾನು ಎರಡು ತಿಂಗಳಿಂದ ವಾರದ ಹೆಸರು ಕಲಿಸ್ತಿದೀನಿ. ಅದು ಬರಲಿಲ್ಲ, ನಿಮ್ದು ಬಂತು" ಎಂದಳು ಅನುಸೂಯ. ಮೆಚ್ಚುಗೆ ಎಂದುಕೊಂಡೆ.

ಊರು ತುಂಬ ನನ್ನ ಹಾಡು,
ಸಾರು ಮಾತ್ರ ನಿನ್ನೆಯದು ನೋಡು.

ಜೂನ್ 27

ಇಂದು ಇಡೀ ತಾಳ್ಯ ನನ್ನ ಪದ್ಯದ ಪ್ರಕಾರ ನಡೆಯಿತು. ನಡು ಮಧ್ಯಾಹ್ನ, ಯಾವ ಹೊಲ ನೋಡಿದರೂ ಬೆನ್ನಿಗೆ ಬ್ಯಾಟರಿ ಪಂಪು ಕಟ್ಟಿಕೊಂಡವರು. ಮುಯ್ಯಾಳಿನ ಲೆಕ್ಕದಲ್ಲಿ ಇವತ್ತು ಇವರ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ಇವರು. ಕೆಂಚಣ್ಣ ನನ್ನ ಕೈ ಕುಲುಕಿದ. ಅರವತ್ತೈದರ ಹಳೇ ರೈತ, ಸುಲಭಕ್ಕೆ ಯಾರನ್ನೂ ಹೊಗಳುವವನಲ್ಲ.

"ಏನಪ್ಪ ಶಿವಕುಮಾರ, ಟೈಮು ಭಾಳ ಚೆನ್ನಾಗಿ ಇಟ್ಟೀಯ. ಬೆಳಿಗ್ಗೆ ಡೇರಿಗೆ ಹಾಲು ಹಾಕಬೇಕು, ಸಂಜಿಗೆ ಕಟ್ಟೆ ಮ್ಯಾಲೆ ಕುಂದ್ರಬೇಕು. ಮಧ್ಯಾಹ್ನ ಅಂದ್ರೆ ಪುರುಸೊತ್ತು."

ನಮ್ಮ ಎರಡು ಎಕರೆಯನ್ನು ಈ ವರ್ಷ ಹುಲಿಗೆಮ್ಮನಿಗೆ ಕೋರಿಗೆ ಕೊಟ್ಟಿದ್ದೇವೆ. ದುಡಿಮೆ ಅವಳದು, ಬೆಳೆ ಅರ್ಧ ಅರ್ಧ. ಮೂವತ್ತು ವರ್ಷ ಕಂಡವರ ಹೊಲದಲ್ಲಿ ಕಳೆ ಕಿತ್ತ ಹೆಂಗಸು, ತನ್ನದು ಎಂದು ಬಿತ್ತಿದ್ದು ಇದೇ ಮೊದಲು. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, "ನನ್ ಜೋಳ ನೋಡ್ರಿ" ಎನ್ನುತ್ತಾಳೆ. ಇಂದು ಅವಳೂ ಉರಿಬಿಸಿಲಿನಲ್ಲಿ ಔಷಧಿ ಹೊಡೆದಳು. ನಾನು ಬದುವಿನ ಮೇಲೆ ಕೊಡೆ ಹಿಡಿದು ನಿಂತು ನೋಡಿದೆ. ಚಪ್ಪಲಿಗೆ ಕೆಸರು ಮೆತ್ತುವುದೆಂದು ಒಳಗೆ ಇಳಿಯಲಿಲ್ಲ.

ಹಾಡಿನಂತೆ ನಡೆಯಿತು ಊರು,
ಕೇಡು ಇನ್ನು ಹುಳಕೇ ಜೋರು.

ಜುಲೈ 3

ಹಾಡು ಪಕ್ಕದ ಬಿ.ದುರ್ಗ ದಾಟಿತು. ಹೊಸದುರ್ಗದ ಕಡೆ ಮತ್ತೋಡಿನಲ್ಲಿ ಹಾಡುತ್ತಿದ್ದಾರೆಂದು ಷಡ್ಡಕನ ಫೋನು. ಹಿರಿಯೂರಿನ ಸಂತೆಯಲ್ಲಿ ಯಾರೋ ಮೊಬೈಲಿನಲ್ಲಿ ಹಾಕಿದ್ದರಂತೆ. ಈ ಪತಂಗ ಗಾಳಿ ಸಿಕ್ಕರೆ ಒಂದೇ ರಾತ್ರಿಗೆ ನೂರು ಕಿಲೋಮೀಟರ್ ಹಾರುತ್ತದೆಂದು ಕರಪತ್ರದಲ್ಲಿದೆ. ನನ್ನ ಹಾಡೂ ಹೆಚ್ಚು ಹಿಂದೆ ಬಿದ್ದಿಲ್ಲ.

ತಾಳ್ಯದಲ್ಲಿ ಎರಡನೆಯ ಸುತ್ತು ಔಷಧಿ ಹೊಡೆದರು. ಮೊದಲ ಸುತ್ತಿಗೆ ಹುಳ ಅಷ್ಟಾಗಿ ಬಗ್ಗಲಿಲ್ಲವಂತೆ. "ಬಿಸಿಲು ಸಾಲಲಿಲ್ಲ, ಮೋಡ ಇತ್ತು" ಎಂದು ಕೆಂಚಣ್ಣ ವಿವರಿಸಿದ.

ಊರೂರಲಿ ನನ್ನ ನಾಲ್ಕು ಸಾಲು,
ಯಾರೂ ಕೇಳರು ಹುಳದ ಅಹವಾಲು.

ಜುಲೈ 6

ಹುಲಿಗೆಮ್ಮ ಅಂಗಡಿಗೆ ಬಂದು ಜೆರಾಕ್ಸ್ ಮಷೀನಿನ ಮೇಲೆ ಒಂದು ಎಲೆ ಇಟ್ಟಳು. ಜೋಳದ ಎಲೆ ಹೌದು, ಆದರೆ ಎಲೆಗಿಂತ ತೂತೇ ಹೆಚ್ಚು.

"ಅಣ್ಣಾರೆ, ಹಾಡಿನಾಗೆ ಹೇಳ್ದಂಗೇ ಹೊಡ್ದೆ. ಎಲ್ಡು ಸಲಿ ಹೊಡ್ದೆ. ಮೂಲೆ ಕಡೆ ಆರು ಸಾಲು ಪೂರಾ ಹೋಗ್ಯಾವೆ. ನಾನೇ ಏನಾರ ತೆಪ್ಪು ಮಾಡಿದ್ನಾ?"

ಇಲ್ಲ ಎಂದೆ. ಔಷಧಿಯ ಗುಣಮಟ್ಟ ನೋಡಬೇಕು ಎಂದೆ. ಅವಳು ಎಲೆಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದಳು.

ಎಲೆಯ ತುಂಬ ತೂತೋ ತೂತು,

ಎರಡನೆಯ ಸಾಲು ಬರಲಿಲ್ಲ. ನಾಳೆ ನೋಡೋಣ.

ಜುಲೈ 8

ಮಾನಸ ಮೇಡಂ ಟ್ರೇನಿಂಗ್ ಮುಗಿಸಿ ಬಂದರು. ಕೆಂಚಣ್ಣನ ಹೊಲದಲ್ಲಿ ಹತ್ತು ಹದಿನೈದು ಜನ ಸೇರಿದ್ದೆವು. ಮೇಡಂ ಒಂದೊಂದೇ ಗಿಡ ಬಗ್ಗಿಸಿ ನೋಡುತ್ತಾ ಹೋದರು, ಮುಖ ಗಂಟಾಗುತ್ತಾ ಬಂತು.

"ಯಾವ ಟೈಮಿಗೆ ಹೊಡೀತಿದೀರಿ?"

"ಹಾಡಿನ ಟೈಮಿಗೆ, ಮೇಡಂ" ಎಂದ ಕೆಂಚಣ್ಣ.

"ಯಾವ ಹಾಡು?"

ಎಲ್ಲರೂ ಒಟ್ಟಿಗೆ ಹಾಡಿ ತೋರಿಸಿದರು. ಕೊನೆಯ ಸಾಲಿಗೆ ಬಂದಾಗ ಮೇಡಂ ಕಣ್ಣು ಮುಚ್ಚಿಕೊಂಡರು. ಮೆಚ್ಚಿಕೊಂಡರೆಂದೇ ನಾನು ತಿಳಿದೆ.

"ನಾನು ಸಂಜೆ ಅಂತ ಬರ್ದಿದ್ನಲ್ಲ. ಬಿಸಿಲಲ್ಲಿ ಅದು ಸುಳಿ ತಳದಲ್ಲಿ ಇರತ್ತೆ, ಮೇಲೆ ಹಿಕ್ಕೆಯ ಬಿರಡೆ ಹಾಕ್ಕೊಂಡು. ನೀವು ಹೊಡೆದದ್ದೆಲ್ಲ ಬಿರಡೆ ಮೇಲೆ. ಈ ಹಾಡು ಬರೆದೋರು ಯಾರು?"

ಎಲ್ಲರೂ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು.

ಹುಲಿಗೆಮ್ಮ ಅಲ್ಲಿರಲಿಲ್ಲ. ಹೋದ ಆರು ಸಾಲಿಗೆ ಮತ್ತೆ ಬೀಜ ಊರುತ್ತಿದ್ದಳಂತೆ.

ಜುಲೈ 9

ಮೇಡಂ ಇನ್ನೂ ಮೂವತ್ತು ದಾಟದ ಹುಡುಗಿ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಹುಳ ಏನು ಆಫೀಸಿಗೆ ಹೋಗುತ್ತದೆಯೇ, ಇಷ್ಟು ಗಂಟೆಗೆ ಇಲ್ಲಿ, ಅಷ್ಟು ಗಂಟೆಗೆ ಅಲ್ಲಿ ಎನ್ನುವುದಕ್ಕೆ? ಅವರದೇ ತಪ್ಪು ಎಂದು ಸಾಬೀತು ಮಾಡಬೇಕೆಂದು ಮಧ್ಯಾಹ್ನ ಎರಡಕ್ಕೆ ನಮ್ಮ ಹೊಲಕ್ಕೆ ಹೋದೆ. ಹುಲಿಗೆಮ್ಮ ಊಟಕ್ಕೆ ಹೋಗಿದ್ದಳು. ಒಂದು ಗಿಡದ ಸುಳಿ ಬಿಡಿಸಿ ನೋಡಿದೆ. ಮೇಲೆ ಗರಗಸದ ಹೊಟ್ಟಿನಂಥ ಹಿಕ್ಕೆ, ಒತ್ತಾಗಿ ತುಂಬಿತ್ತು. ಕಡ್ಡಿಯಿಂದ ತೆಗೆದರೆ ಕೆಳಗೆ ಇನ್ನೂ ಹಿಕ್ಕೆ. ಅದರ ಕೆಳಗೆ ಒಂದು ಹುಳ ಸುಖವಾಗಿ ಬಿದ್ದುಕೊಂಡಿತ್ತು. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ, ಹಣೆಯ ಮೇಲೆ ಕವಲೊಡೆದ ಬಿಳಿ ಗೆರೆ. ಒಂದು ಸುಳಿಗೆ ಒಂದೇ. ಎರಡು ಸೇರಿದರೆ ದೊಡ್ಡದು ಚಿಕ್ಕದನ್ನು ತಿಂದು ಮುಗಿಸುತ್ತದೆಯಂತೆ. ಸಂಘದಲ್ಲಿ ಕಾರ್ಯದರ್ಶಿ ಸ್ಥಾನವೂ ಒಂದೇ ಇರುವುದು ಇದಕ್ಕೇ ಇರಬೇಕು.

ಅಷ್ಟಕ್ಕೇ ನಾನು ಮನೆಗೆ ಬರಬೇಕಿತ್ತು, ಬರಲಿಲ್ಲ. ಆರರವರೆಗೆ ಬದುವಿನ ಮೇಲೆ ಕೂತೆ. ಬಿಸಿಲು ಇಳಿದು ಗಾಳಿ ತಣ್ಣಗಾದ ಮೇಲೆ ಮುಂದಿನ ಸಾಲಿನ ಒಂದು ಸುಳಿಯಲ್ಲಿ ಏನೋ ಅಲುಗಿತು. ಹುಳ ಮೇಲೆ ಬಂತು. ಎಲೆಯ ಅಂಚಿಗೆ ಬಂದು ಮೇಯತೊಡಗಿತು. ಪಕ್ಕದ ಗಿಡದಲ್ಲಿ ಇನ್ನೊಂದು. ಆಮೇಲೆ ಮತ್ತೊಂದು. ಐದು ನಿಮಿಷದಲ್ಲಿ ಕೂತಲ್ಲಿಂದಲೇ ಹನ್ನೊಂದು ಎಣಿಸಿದೆ. ಔಷಧಿ ಬಿದ್ದಿದ್ದರೆ ನೇರ ಮೈಮೇಲೆ ಬೀಳುತ್ತಿತ್ತು.

ಹುಳ ಆಫೀಸಿಗೆ ಹೋಗುತ್ತದೆ. ಸರಿಯಾದ ಟೈಮಿಗೆ ಹೋಗುತ್ತದೆ.

ಜುಲೈ 10

ನಂಜು, ಅಂಜು, ಪಂಜು, ಗಂಜಿ. ಸಂಜೆಗೆ ನಾಲ್ಕು ಪ್ರಾಸವಿತ್ತು. ಹುಡುಕಿರಲೇ ಇಲ್ಲ.

ಜುಲೈ 12

ನಾಗರಾಜರಿಗೆ ಹೇಳಿದೆ. ಹಾಡು ನಿಲ್ಲಿಸಿ, ಕೊನೆಯ ಸಾಲು ತಪ್ಪಾಗಿದೆ, ಹೊಸದಾಗಿ ರೆಕಾರ್ಡ್ ಮಾಡೋಣ.

"ಏನ್ ಹೇಳ್ತಿದೀರ್ರಿ? ನಲವತ್ತೆರಡು ಹಳ್ಳಿ ಮುಟ್ಟೈತೆ! ಹೊಳಲ್ಕೆರೆನಾಗೆ ಇಪ್ಪತ್ತೆಂಟನೇ ತಾರೀಕು ನಿಮಗೆ ಸನ್ಮಾನ ಫಿಕ್ಸ್ ಆಗೈತೆ. ಜಾಗೃತಿ ರತ್ನ. ಫ್ಲೆಕ್ಸು ಪ್ರಿಂಟಿಗೆ ಹೋಗೈತೆ."

"ಹುಳ ಸಾಯುತ್ತಿಲ್ಲವಲ್ಲ, ನಾಗರಾಜ್."

"ಅದು ಬ್ಯಾರೆ ಕಾಲಂ. ನಮ್ದು ಜಾಗೃತಿ. ಜಾಗೃತಿ ಆಗೈತಾ ಇಲ್ವಾ ಹೇಳ್ರಿ?"

ಆಗಿದೆ. ನಲವತ್ತೆರಡು ಹಳ್ಳಿ ತಪ್ಪಾಗಿ ಜಾಗೃತವಾಗಿವೆ.

ಜುಲೈ 14

ಊರವರು ಹುಳವನ್ನು ಗಡಿ ದಾಟಿಸಿದರು. ಹಿಂದೆಲ್ಲ ಊರಿಗೆ ಬೇನೆ ಬಂದಾಗ ಮಾರಿಯನ್ನು ಕಳಿಸುತ್ತಿದ್ದ ಕ್ರಮದಲ್ಲೇ: ಮೊರದಲ್ಲಿ ಬೇವಿನ ಸೊಪ್ಪು, ಅರಿಶಿನ, ಕುಂಕುಮ, ಅದರ ನಡುವೆ ಏಳು ಹುಳ. ಉಚ್ಚಂಗಮ್ಮಜ್ಜಿ ಮೊರ ಹೊತ್ತಳು. ಅಜ್ಜಿಗೆ ಎಂಬತ್ತಾದರೂ ಈ ಕೆಲಸಕ್ಕೆ ಅವಳೇ ಬೇಕು. ಮುಂದೆ ಡೊಳ್ಳು, ಹಿಂದೆ ಜನ, ಎಲ್ಲರ ಬಾಯಲ್ಲೂ ನನ್ನ ಹಾಡು. ಕಳಿಸುವ ಹಾಡು ಹಳೆಯದು ಮರೆತುಹೋಗಿದೆಯಂತೆ, ಇದು ಚೆನ್ನಾಗಿ ಹೊಂದುತ್ತದೆಯಂತೆ.

"ಅಮೆರಿಕದಿಂದ ಬಂದ ಹುಳಕ್ಕೆ ನಮ್ ಜೋಳದ ರುಚಿ ಹೆಂಗಪ್ಪ ಹತ್ತಿತು?" ಎಂದು ಕೆಂಚಣ್ಣ ದಾರಿಯಲ್ಲಿ ಕೇಳಿದ. ಮೆಕ್ಕೆಜೋಳವೂ ಅಲ್ಲಿಂದಲೇ ಬಂದದ್ದು, ಹಿಂದೆಯೇ ನೆಂಟರು ಬಂದಿದ್ದಾರೆ ಎಂದೆ. ಹಾಗಾದರೆ ಇಬ್ಬರನ್ನೂ ಕಳಿಸಬೇಕಲ್ಲ ಎಂದು ಅವನು ಯೋಚನೆಗೆ ಬಿದ್ದ.

ಗಡಿಕಲ್ಲಿನ ಹತ್ತಿರ ಮೊರ ಇಳಿಸಿದಾಗ ನಾನು ಕಲ್ಲಿನ ಮೇಲೆ ಹತ್ತಿ ನಿಂತೆ. ಹಾಡಿಸಲು ನಿಂತೆನೆಂದು ಚಪ್ಪಾಳೆ ತಟ್ಟಿದರು.

"ಹಾಡು ತಪ್ಪಾಗಿದೆ" ಎಂದೆ. "ಬಿಸಿಲಲ್ಲಿ ಹೊಡೆಯಬಾರದು. ಸಂಜೆ ಹೊಡೆಯಬೇಕು. ನಾನು ನೋಡಿ ಬಂದಿದ್ದೇನೆ."

ಡೊಳ್ಳಿನವನು ಕೋಲು ಕೆಳಗಿಳಿಸಿದ. ಆಮೇಲೆ ಉಚ್ಚಂಗಮ್ಮಜ್ಜಿ ಬಾಯಿ ತೆಗೆದಳು.

"ಲೇ, ಹಾಡಿನಾಗೆ ಇರಾದೇ ಹಂಗೆ. ಅದನ್ನ ತಿದ್ದಾಕೆ ನೀನ್ಯಾರು?"

"ನಾನೇ ಬರೆದವನು, ಅಜ್ಜಿ."

"ಬರ್ದಾಗ ಬರ್ದೆ. ಈಗ ಅದು ಊರ ಹಾಡು. ಇಳಿ ಕೆಳಕ್ಕೆ, ಹೊತ್ತಾತು."

ಇಳಿದೆ. ಮತ್ತೆ ಹಾಡಿದರು, ಮೊದಲಿಗಿಂತ ಜೋರಾಗಿ. ಮೊರವನ್ನು ಬಿ.ದುರ್ಗದ ಕಡೆ ಮುಖ ಮಾಡಿ ಇಟ್ಟು, ಹಿಂದಿರುಗಿ ನೋಡದೆ ಊರಿಗೆ ಬಂದರು. ಹುಳಗಳು ಮೊರದಿಂದ ಇಳಿದು ಹತ್ತಿರದ ಹೊಲಕ್ಕೆ ಹೋದವು. ಅದು ತಾಳ್ಯದವರದೇ ಹೊಲ.

ಹುಲಿಗೆಮ್ಮ ಒಬ್ಬಳೇ ಹಿಂದೆ ಉಳಿದಿದ್ದಳು.

"ಸಂಜಿಗೆ ಅಂತ ಮೇಡಂ ಚೀಟಿನಾಗೆ ಇತ್ತಾ?"

"ಇತ್ತು."

"ಹಾಡು ಕಟ್ಟಾಗ ನೀವು ಅದನ್ನ ಓದಿದ್ರಾ?"

"ಓದಿದ್ದೆ."

ಬೈಯುತ್ತಾಳೆಂದು ಕಾದೆ. ಅವಳು ಸೆರಗಿನ ಗಂಟು ಬಿಚ್ಚಿದಳು. ಅವತ್ತು ಅಂಗಡಿಗೆ ತಂದಿದ್ದ ಎಲೆ ಒಣಗಿ ಪುಡಿಯಾಗಿತ್ತು, ಅದನ್ನು ಗಾಳಿಗೆ ಕೊಡವಿದಳು.

"ನಾಳೆ ಸಂಜಿಗೆ ಬರ್ರಿ ಅಣ್ಣಾರೆ. ಕೊಡೆ ಬ್ಯಾಡ."

ಜುಲೈ 15

ಪಂಪು ತುಂಬಿದರೆ ಹದಿನಾರು ಲೀಟರ್. ಬೆನ್ನಿಗೆ ಹಾಕಿದ ಮೇಲೆ ಇಪ್ಪತ್ತಾರು ಅನ್ನಿಸುತ್ತದೆ. ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡು ಐದೂವರೆಗೆ ಶುರು ಮಾಡಿದೆವು. ನಾಝಲ್ ಎಲೆಗೆ ತೋರಿಸಬಾರದು, ಸುಳಿಗೆ ತೋರಿಸಬೇಕು. ನಾನು ನಾಲ್ಕು ಸಾಲು ಮುಗಿಸುವಷ್ಟರಲ್ಲಿ ಹುಲಿಗೆಮ್ಮ ಒಂಬತ್ತು. "ನಿಮ್ ಕೈ ಪೆನ್ ಹಿಡಿದಂಗೆ ಹಿಡೀತೈತೆ" ಎಂದಳು. ಎಡ ಭುಜದ ಚರ್ಮ ಕಿತ್ತಿದೆ.

ಜುಲೈ 19

ಅರ್ಧ ಹೊಲ ಆಯಿತು. ಬೆಳಿಗ್ಗೆ ನೋಡಿದರೆ ಸುಳಿಯಲ್ಲಿ ಸತ್ತ ಹುಳ. ಪರವಾಗಿಲ್ಲ.

ಅಂಗಡಿ ನಾಲ್ಕಕ್ಕೇ ಮುಚ್ಚುತ್ತಿದ್ದೇನೆ. ಯಾರದೋ ಗೃಹಪ್ರವೇಶದ ಪದ್ಯ ಬಾಕಿ ಇತ್ತು. ಹಳೆಯದನ್ನೇ ಹೆಸರು ಬದಲಾಯಿಸಿ ಕೊಟ್ಟೆ.

ಜುಲೈ 23

ನಿನ್ನೆ ಸಂಜೆ ಬೇವಿನ ಮರದಿಂದ ಬಲೆಗಳನ್ನು ಬಿಚ್ಚಿ ಹೊಲದಲ್ಲಿ ಕಟ್ಟಿದೆ. ನಾಗರಾಜರನ್ನು ಕೇಳಲಿಲ್ಲ. ಇವತ್ತು ಬೆಳಿಗ್ಗೆ ಎಣಿಸಿದಾಗ ಹದಿನಾಲ್ಕು ಪತಂಗ, ಎಲ್ಲವೂ ಗಂಡು. ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ ಇದ್ದರೆ ಗಂಡು. ಮೊಟ್ಟೆ ಎಲೆಯ ಅಡಿಯಲ್ಲೂ ಇರುತ್ತದೆ, ನೋಡಲು ಬೂಷ್ಟು ಹತ್ತಿದ ಹಾಗೆ. ಬೆರಳಿನಲ್ಲಿ ಒರೆಸಿದರೆ ಸಾಕು, ನೂರೈವತ್ತು ಹುಳ ಹುಟ್ಟುವ ಮೊದಲೇ ಹೋದವು. ಇದಕ್ಕೆ ಔಷಧಿಯೂ ಬೇಡ. ಕರಪತ್ರದ ಎರಡನೇ ಪುಟದಲ್ಲಿ ಇದೆಲ್ಲ ಇದೆ. ಚೆನ್ನಾಗಿ ಬರೆದಿದ್ದಾರೆ, ಎಲ್ಲೂ ಒಂದು ಮಾತು ಹೆಚ್ಚಿಲ್ಲ.

ಹುಲಿಗೆಮ್ಮನದು ಇನ್ನೊಂದು ಉಪಾಯ: ಎಳೆಯ ಗಿಡದ ಸುಳಿಗೆ ಒಂದು ಚಿಟಿಕೆ ನುಣ್ಣನೆ ಮರಳು. ಹುಳಕ್ಕೆ ಮೈ ತರಚುತ್ತದೆಯಂತೆ. ಮರುಬಿತ್ತನೆಯ ಆರು ಸಾಲು ಮೊಳಕೆ ಬಂದಿದೆ, ಅವಕ್ಕೆ ಹಾಕಿದೆವು.

ಕತ್ತಲಾಗುವ ಮುಂಚೆ ಕೆಂಚಣ್ಣ ಬದುವಿನ ಆಚೆ ನಿಂತು ನೋಡುತ್ತಿದ್ದ. ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದ.

"ಹಾಡು ಸುಳ್ಳು ಅಂತ ನಾನು ಹೇಳಲ್ಲಪ್ಪ. ನನ್ ಹೊಲದ ಹುಳಕ್ಕೆ ಮಾತ್ರ ಹೊಂದ್ತಿಲ್ಲ, ಅಷ್ಟೇಯ. ನಾಳೆ ಸಂಜಿಗೆ ನಿನ್ ಪಂಪು ಖಾಲಿ ಇರತೈತಾ?"

ನಾನೂ ಬರುತ್ತೇನೆ ಎಂದೆ. ಮುಯ್ಯಾಳು.

ಜುಲೈ 28

ಕೆಂಚಣ್ಣನ ಹೊಲದ ಮೂಡಣ ಭಾಗ ಮುಗಿಯಿತು. ಈಗ ಏಳು ಜನ ಸಂಜೆ ಹೊಡೆಯುತ್ತಿದ್ದೇವೆ. ಕಟ್ಟೆ ಖಾಲಿ ಎಂದು ಉಳಿದವರ ದೂರು.

ಹೊಳಲ್ಕೆರೆಯ ಸನ್ಮಾನ ಸಂಜೆ ಐದಕ್ಕೆ ಇತ್ತು. ಐದಕ್ಕೆ ಹೇಗೆ ಹೋಗುವುದು?

ಜುಲೈ 29

ನನ್ನ ಪರವಾಗಿ ನಾಗರಾಜ್ ಸನ್ಮಾನ ಸ್ವೀಕರಿಸಿದರಂತೆ. ಫೋಟೋಗಳಲ್ಲಿ ಅವರೇ ಇದ್ದಾರೆ, ಚೆನ್ನಾಗಿ ಬಂದಿದ್ದಾರೆ. ಶಾಲು ತಂದುಕೊಟ್ಟರು. "ಮುಂದಿನ ವರ್ಷಕ್ಕೂ ಒಂದು ಬರ್ದು ಇಟ್ಟುಬಿಡ್ರಿ" ಎಂದರು. ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಸಂಜೆ ಐದರ ನಂತರ, ಸುಳಿಯೊಳಗೆ ಬೀಳುವಂತೆ ಹೊಡೆಯಿರಿ. ಬಿಸಿಲಲ್ಲಿ ಬೇಡ.

ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾಡು ಎಲ್ಲೈತ್ರಿ?"

ಶಾಲು ದಪ್ಪಗಿದೆ. ನಾಲ್ಕು ಮಡಿಕೆ ಮಾಡಿ ಪಂಪಿನ ಪಟ್ಟಿಯ ಅಡಿಗೆ ಇಟ್ಟರೆ ಭುಜ ಉರಿಯುವುದಿಲ್ಲ. ಅನುಸೂಯ ನೋಡಿದಳು, ತಟ್ಟೆ ಇಟ್ಟಳು. ಸಾರು ಬಿಸಿಯಾಗಿತ್ತು.

ಆಗಸ್ಟ್ 4

ಹುಲಿಗೆಮ್ಮನ ಜೋಳ ತುದಿಯಲ್ಲಿ ಹೂವಿನ ಸೂಲಂಗಿ ಬಿಟ್ಟಿದೆ. ನಾಲ್ಕರಲ್ಲಿ ಒಂದು ಪಾಲು ಹೋಯಿತು, ಮೂರು ಪಾಲು ನಿಂತಿದೆ. ನಿಂತದ್ದು ನನಗಿಂತ ಎತ್ತರ. ದಾರಿಯಲ್ಲಿ ಹೋಗುತ್ತಿದ್ದ ಮಾನಸ ಮೇಡಂ ಅವರನ್ನು ನಿಲ್ಲಿಸಿ, "ನನ್ ಜೋಳ ನೋಡ್ರಿ ಮೇಡಂ" ಎಂದಳು. ಒಂದು ತಿಂಗಳಿಂದ ಅವಳು ಹಾಗೆ ಯಾರನ್ನೂ ನಿಲ್ಲಿಸಿರಲಿಲ್ಲ. ಮೇಡಂ ಸ್ಕೂಟಿ ನಿಲ್ಲಿಸಿ ಒಳಗೆ ಬಂದು ಸಾಲು ಸಾಲು ನೋಡಿದರು. ನನ್ನನ್ನೂ ನೋಡಿದರು, ತಲೆ ಆಡಿಸಿದರು.

ಮರುಬಿತ್ತನೆಯ ಆರು ಸಾಲು ಮಾತ್ರ ಇನ್ನೂ ಮೊಣಕಾಲುದ್ದ. ಅವಕ್ಕೆ ಇವತ್ತು ಹೊಡೆಯಬೇಕಿತ್ತು. ಹೋದಾಗ ಹುಲಿಗೆಮ್ಮ, ಇನ್ನಿಬ್ಬರು ಹೆಂಗಸರು ಅಲ್ಲೇ ಕಳೆ ಕೀಳುತ್ತಾ ಹಾಡುತ್ತಿದ್ದರು. ಅದೇ ಹಾಡು. ಮೊದಲ ಮೂರು ಸಾಲು ಇದ್ದ ಹಾಗೇ ಇವೆ. ನಾಲ್ಕನೆಯದಕ್ಕೆ,

ಸಂಜಿ ಆದ್‌ಮ್ಯಾಲೆ ಹೊಡಿರಿ ಮದ್ದನ್ನ!

ನಾನು ಬಂದದ್ದು ಕಂಡು ನಿಲ್ಲಿಸಿದಳು.

"ನಾನೇ ಹಂಗ್ ಮಾಡ್ದೆ ಅಣ್ಣಾರೆ. ಉಚ್ಚಂಗಮ್ಮಜ್ಜಿನೂ ಈಗ ಹಿಂಗೇ ಹಾಡ್ತಾಳೆ. ಸರಿಯಾಗೈತಾ?"

"ಸರಿಯಾಗಿದೆ" ಎಂದೆ.

ಪಂಪು ತುಂಬಿಸಿದೆ, ಶಾಲು ಮಡಿಸಿ ಭುಜಕ್ಕೆ ಹಾಕಿಕೊಂಡೆ. ಬಿಸಿಲು ಇನ್ನೂ ಇತ್ತು. ಇಳಿಯಲಿ ಎಂದು ಬದುವಿನ ಮೇಲೆ ಕೂತು ಕಾದೆವು.